ಈ ಲೋಟ ಹಸಿವಿಗೋ, ಬಾಯಾರಿಕೆಗೋ?

ಮುಂಬಯಿ ಬಳಿಯ ಡೊಂಬಿವಲಿಯಲ್ಲಿರುವ ನನ್ನ ಕ್ಲಿನಿಕ್ಕಿಗೆ ಕಳೆದ ಬೇಸಿಗೆಯಲ್ಲಿ ಒಬ್ಬ ಹಿರಿಯರು ಬಂದಿದ್ದರು. ಉಡುಪಿ ಕಡೆಯವರು, ನಲವತ್ತು ವರ್ಷ ಮುಂಬಯಿಯ ಹೋಟೆಲುಗಳಲ್ಲಿ ದುಡಿದು ಈಗ ಮಗನ ಮನೆಯಲ್ಲಿದ್ದಾರೆ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ, ಸಿಹಿತಿಂಡಿಯನ್ನು ಮುಟ್ಟುವವರೂ ಅಲ್ಲ. ಆದರೂ ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಯ ಅಂಕಿ ಏರುತ್ತಲೇ ಇತ್ತು. ಒಂದು ವಾರ ತಿಂದದ್ದನ್ನೆಲ್ಲ ಬರೆದು ತನ್ನಿ ಎಂದಿದ್ದೆ. ಅಚ್ಚುಕಟ್ಟಾಗಿ ಬರೆದು ತಂದಿದ್ದರು, ಅದರಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ಮಾತಿನ ನಡುವೆ, ಸೊಸೆ ಬೆಳಿಗ್ಗೆ ಪ್ರೀತಿಯಿಂದ ಮಾಡಿಕೊಡುವ ಸ್ಮೂದಿಯ ಪ್ರಸ್ತಾಪ ಬಂತು. ಅದನ್ನೇಕೆ ಬರೆಯಲಿಲ್ಲ ಎಂದು ಕೇಳಿದೆ. "ನೀವು ತಿಂದದ್ದು ಬರೆಯಿರಿ ಅಂದದ್ದಲ್ವಾ ಮೇಡಂ, ಅದು ಕುಡಿಯುವುದು" ಎಂದರು.

ಮುಂದಿನ ಸಲ ಬರುವಾಗ ಆ ಲೋಟವನ್ನೇ ತರಲು ಹೇಳಿದೆ. ಎತ್ತರದ ಸ್ಟೀಲ್ ಲೋಟ. ಅಳತೆಯ ಜಾಡಿಯಿಂದ ನೀರು ಸುರಿದು ನೋಡಿದರೆ 450 ಮಿಲಿಲೀಟರ್ ಹಿಡಿಯಿತು. ಅದರೊಳಗೆ ಹೋಗುತ್ತಿದ್ದುದು ಎರಡು ಬಾಳೆಹಣ್ಣು, ನಾಲ್ಕು ಖರ್ಜೂರ, ಒಂದು ಲೋಟ ಹಾಲು, "ಸಕ್ಕರೆಯ ಬದಲು" ಎರಡು ಚಮಚ ಜೇನುತುಪ್ಪ. ಕೂಡಿಸಿದರೆ 450 ಕ್ಯಾಲೊರಿಗೆ ಕಡಿಮೆಯಿಲ್ಲ, ಅಂದರೆ ಎರಡು ಚಪಾತಿ ಮತ್ತು ಪಲ್ಯಕ್ಕಿಂತ ಹೆಚ್ಚು. ಅರ್ಧ ಗಂಟೆಯ ನಂತರ ಉಪ್ಪಿಟ್ಟಿನ ತಟ್ಟೆಯೂ ಬರುತ್ತಿತ್ತು.

ಹದಿನೆಂಟು ವರ್ಷಗಳ ನನ್ನ ಅನುಭವದಲ್ಲಿ, ಮನೆಯಲ್ಲಿ ಮಾಡುವ ಹಣ್ಣಿನ ಪಾನೀಯಗಳ ಬಗ್ಗೆ ಜನ ಕೇಳುವ ಬಹುಪಾಲು ಪ್ರಶ್ನೆಗಳು ಈ ಒಂದು ಗೊಂದಲಕ್ಕೇ ಬಂದು ಸೇರುತ್ತವೆ. ಹಸಿವಿಗೆ ಕುಡಿಯುವುದು ಬೇರೆ, ಬಾಯಾರಿಕೆಗೆ ಕುಡಿಯುವುದು ಬೇರೆ. ಹಾಲು, ಮೊಸರು, ತಿರುಳಿರುವ ಹಣ್ಣು, ಬೀಜಗಳು ಸೇರಿದ ಸ್ಮೂದಿ ಒಂದು ಹೊತ್ತಿನ ಆಹಾರ. ಅದನ್ನು ಕುಡಿದ ದಿನ ಬೆಳಗಿನ ತಿಂಡಿ ಕಡಿಮೆಯಾಗಬೇಕು ಅಥವಾ ಇರಲೇಬಾರದು. ಮೇ ತಿಂಗಳ ಬೆವರಿಗೂ ಅಕ್ಟೋಬರಿನ ಧಗೆಗೂ ಬೇಕಾಗಿರುವುದು ನೀರು, ಚಿಟಿಕೆ ಉಪ್ಪು ಮತ್ತು ಸ್ವಲ್ಪ ಹುಳಿ. ಮಿಕ್ಸರ್ ತಿರುಗಿಸುವ ಮೊದಲು ಈ ಲೋಟ ಯಾವುದಕ್ಕೆ ಎಂದು ತೀರ್ಮಾನಿಸಿಕೊಂಡರೆ, ಅದರೊಳಗೆ ಏನು ಹಾಕಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಹಸಿವಿನ ಲೋಟಕ್ಕೆ ನಾನು ಹೇಳುವ ಅಳತೆ ಸರಳ. ಒಂದೇ ಬಗೆಯ ಹಣ್ಣು, ಸುಮಾರು 100 ಗ್ರಾಂ. ಸಿಹಿಯಿಲ್ಲದ ಮೊಸರು ಅಥವಾ ಹಾಲು 150 ಮಿಲಿಲೀಟರ್. ನೆನೆಸಿದ ಐದಾರು ಬಾದಾಮಿ ಅಥವಾ ಒಂದು ಚಮಚ ಹುರಿದು ಪುಡಿ ಮಾಡಿದ ಅಗಸೆ. ಮಂದವಾಗಬೇಕೆಂದು ಎರಡನೆಯ ಬಾಳೆಹಣ್ಣು ಹಾಕುವ ಬದಲು ಒಂದು ಚಮಚ ರಾಗಿ ಹುರಿಹಿಟ್ಟು ಹಾಕಿ ನೋಡಿ. ಬೇಯಿಸುವ ಕೆಲಸವಿಲ್ಲ, ಅರಳಿದ ರಾಗಿಯ ಘಮ ಮೊಸರಿಗೂ ಬಾಳೆಹಣ್ಣಿಗೂ ಚೆನ್ನಾಗಿ ಹೊಂದುತ್ತದೆ, ಗಂಟೂ ಕಟ್ಟುವುದಿಲ್ಲ. ರಾಗಿಯಲ್ಲಿ ಸುಣ್ಣದಂಶ ಹೇರಳವೆಂಬುದು ನಿಜ, ಆದರೆ ಒಂದು ಚಮಚದಲ್ಲಿ ಸಿಗುವುದು ಅದರ ಸ್ವಲ್ಪ ಪಾಲು ಮಾತ್ರ; ಈ ಲೋಟದ ಸುಣ್ಣದಂಶ ಮುಖ್ಯವಾಗಿ ಮೊಸರಿನಿಂದಲೇ ಬರುತ್ತದೆ. ಘೋಲ್ವಡದ ಚಿಕ್ಕು ಅಥವಾ ಸೀತಾಫಲ ಹಾಕುವುದಾದರೆ ಅವು ಸ್ವಭಾವತಃ ಬಹಳ ಸಿಹಿ, ಬೇರೆ ಸಿಹಿಯ ಮಾತೇ ಬೇಡ. ಹಾಪುಸ್ ಮಾವಿನ ಕಾಲದಲ್ಲಿ ಮಾವನ್ನು ಹೆಚ್ಚಿ ತಿನ್ನುವುದೇ ಲೇಸೆಂಬುದು ನನ್ನ ಅಭಿಪ್ರಾಯ. ಅಷ್ಟು ಒಳ್ಳೆಯ ಹಣ್ಣಿಗೆ ಮಿಕ್ಸರ್ ಏನನ್ನೂ ಸೇರಿಸುವುದಿಲ್ಲ.

ಅನಾನಸು ಹಾಕಿದ ಸ್ಮೂದಿ ಕಹಿಯಾಯಿತು, ಹಾಲು ಕೆಟ್ಟಿತ್ತೇನೋ ಎಂದು ಅನೇಕರು ಹೇಳುತ್ತಾರೆ. ಹಾಲು ಕೆಟ್ಟಿರುವುದಿಲ್ಲ. ಹಸಿ ಅನಾನಸಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ತುಂಡರಿಸುವುದರಿಂದ ಆ ಕಹಿ ಹುಟ್ಟುತ್ತದೆ. ಪಪ್ಪಾಯಿಯ ಪಪೇನ್ ಮತ್ತು ಕಿವಿ ಹಣ್ಣಿನ ಕಿಣ್ವದ್ದೂ ಇದೇ ಕೆಲಸ. ಹೋಳುಗಳನ್ನು ಐದು ನಿಮಿಷ ಕುದಿಸಿ ಆರಿಸಿಕೊಂಡರೆ ಕಿಣ್ವ ನಿಷ್ಕ್ರಿಯವಾಗುತ್ತದೆ.

ಮಿಕ್ಸರಿನಲ್ಲಿ ಅರೆದರೆ ನಾರು ಸಣ್ಣದಾಗುತ್ತದೆ, ಆದರೆ ಲೋಟದಲ್ಲೇ ಉಳಿಯುತ್ತದೆ. ಅದನ್ನು ಮನೆಯಿಂದ ಹೊರಗೆ ಹಾಕುವುದು ಸೋಸುವ ಜಾಲರಿ. ಒಂದು ದೊಡ್ಡ ಲೋಟ ಮೋಸಂಬಿ ರಸಕ್ಕೆ ಮೂರು ನಾಲ್ಕು ಹಣ್ಣು ಬೇಕು. ನಾಲ್ಕು ಮೋಸಂಬಿಯನ್ನು ಒಮ್ಮೆಗೇ ಬಿಡಿಸಿ ತಿನ್ನುವವರು ಅಪರೂಪ, ಆದರೆ ಆ ರಸ ಎರಡು ನಿಮಿಷದಲ್ಲಿ ಗಂಟಲಿಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನೂ ಜೇನುತುಪ್ಪವನ್ನೂ ನಾವು ಡಬ್ಬಿಯಿಂದ ಬೆರೆಸುವ ಸಕ್ಕರೆಯ ಸಾಲಿಗೇ ಸೇರಿಸಿದೆ. ಇವೆಲ್ಲ ಒಟ್ಟಾಗಿ ದಿನದ ಕ್ಯಾಲೊರಿಯ ಶೇಕಡಾ 10ಕ್ಕಿಂತ ಕಡಿಮೆಯಿರಬೇಕು, ಶೇಕಡಾ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎನ್ನುತ್ತದೆ. 2,000 ಕ್ಯಾಲೊರಿಯ ಲೆಕ್ಕದಲ್ಲಿ ಅದು 50 ಗ್ರಾಂ ಮತ್ತು 25 ಗ್ರಾಂ. ಸೋಸಿದ ರಸವೇ ಸರಿಯಾದ ಔಷಧಿಯಾಗುವ ಸಂದರ್ಭವೂ ಒಂದಿದೆ. ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು, ಬೆವರಿ ಕೈ ನಡುಗತೊಡಗಿದಾಗ, ಎಚ್ಚರವಿದ್ದು ನುಂಗಬಲ್ಲವರಿಗೆ ಅರ್ಧ ಲೋಟ ರಸವನ್ನು ಕೂಡಲೇ ಕುಡಿಸಿ, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು.

ಬಾಯಾರಿಕೆಯ ಲೋಟದ ವಿಷಯಕ್ಕೆ ಬಂದರೆ, ನಮ್ಮವರಿಗೆ ಹೊಸದಾಗಿ ಕಲಿಸಬೇಕಾದದ್ದು ಹೆಚ್ಚೇನಿಲ್ಲ. ಒಂದು ಪಾಲು ಮೊಸರಿಗೆ ಮೂರು ನಾಲ್ಕು ಪಾಲು ನೀರು, ಶುಂಠಿ, ಕರಿಬೇವು ಹಾಕಿ ಕಡೆದ ಮಜ್ಜಿಗೆಗೆ ಸಮನಾದ ಪಾನೀಯ ನನಗಂತೂ ಗೊತ್ತಿಲ್ಲ. ಊರಿನ ಕರಾವಳಿಯಲ್ಲಿ ಪುನರ್ಪುಳಿ, ಉತ್ತರ ಕನ್ನಡದಲ್ಲಿ ಮುರುಗಲು ಎನ್ನುವುದನ್ನೇ ಇಲ್ಲಿ ಕೋಕಂ ಎನ್ನುತ್ತಾರೆ. ಬಾಟಲಿಯ ಸಿಹಿ ಕೋಕಂ ಪಾಕದಲ್ಲಿ ಅರ್ಧಕ್ಕೂ ಮೀರಿ ಸಕ್ಕರೆಯೇ ಇರುವುದು ಸಾಮಾನ್ಯ, ಆದ್ದರಿಂದ ಒಣ ಸಿಪ್ಪೆಯನ್ನೇ ತನ್ನಿ. ಎಂಟು ಹತ್ತು ಸಿಪ್ಪೆಗಳನ್ನು ತೊಳೆದು, ಎರಡು ಲೋಟ ನೀರಿನಲ್ಲಿ ಎರಡು ಗಂಟೆ ನೆನೆಯಿಟ್ಟು, ಕೈಯಿಂದ ಕಿವುಚಿ, ಹುರಿದ ಜೀರಿಗೆ ಪುಡಿ ಬೆರೆಸಿದರೆ ದಾಳಿಂಬೆ ಬಣ್ಣದ ನೀರು ಸಿದ್ಧವಾಗುತ್ತದೆ. ಹುಳಿ ತಡೆಯದವರು ಕಡಲೆಯಷ್ಟು ಬೆಲ್ಲ ಹಾಕಿಕೊಳ್ಳಬಹುದು. ಅಂಗಡಿಯ ಆಮಸೂಲಿಗೆ, ಅಂದರೆ ಒಣಗಿಸಿದ ಕೋಕಂ ಸಿಪ್ಪೆಗೆ, ಮೊದಲೇ ಉಪ್ಪು ಸವರಿರುವುದುಂಟು. ರುಚಿ ನೋಡದೆ ಮತ್ತೆ ಉಪ್ಪು ಹಾಕಿದರೆ ರಕ್ತದೊತ್ತಡವಿರುವವರಿಗೆ ಹಾನಿ. ರಾಮನವಮಿಯ ಪಾನಕವೂ ಬೆಂದ ಮಾವಿನಕಾಯಿಯ ಪನ್ಹೆಯೂ ಒಳ್ಳೆಯವೇ, ಬೆಲ್ಲವನ್ನು ಚಮಚದಿಂದ ಅಳೆದು ಹಾಕುವುದಾದರೆ. ವಾಂತಿ ಭೇದಿಯಾದಾಗ ಮಾತ್ರ ಇವು ಯಾವುವೂ ಬೇಡ. ಆಗ ಓಆರ್‌ಎಸ್ ಪುಡಿಯೇ ಬೇಕು. ಅದು ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಕೆಲವು ಎಚ್ಚರಿಕೆಗಳನ್ನು ನಾನು ಪ್ರತಿಯೊಬ್ಬರಿಗೂ ಒತ್ತಿ ಹೇಳುತ್ತೇನೆ. ಬೆಳಗಿನ ವಾಕಿಂಗ್ ಮುಗಿಸಿ ಸೋರೆಕಾಯಿ ರಸ ಕುಡಿಯುವ ರೂಢಿ ಈ ನಗರದಲ್ಲಿ ಬಲವಾಗಿದೆ. ಕಾಯಿ ಕಹಿಯಿದ್ದರೆ ಅದರಲ್ಲಿ ಕುಕುರ್ಬಿಟಾಸಿನ್ ಎಂಬ ವಿಷಕಾರಿ ಅಂಶವಿರುತ್ತದೆ. ರಕ್ತವಾಂತಿಯಾಗಿ ಪ್ರಾಣ ಹೋದ ಪ್ರಕರಣಗಳು ನಮ್ಮ ದೇಶದಲ್ಲೇ ನಡೆದಿವೆ. "ಔಷಧಿ ಕಹಿಯಾಗಿಯೇ ಇರುತ್ತದೆ" ಎಂದು ಹಲ್ಲು ಕಚ್ಚಿ ಕುಡಿಯುವುದೇ ಅಪಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಇದನ್ನು ಪರಿಶೀಲಿಸಿ, ಮೊದಲು ಸಣ್ಣ ಚೂರಿನ ರುಚಿ ನೋಡಬೇಕು, ಕಹಿಯಿದ್ದರೆ ಎಸೆಯಬೇಕು, ಈ ರಸವನ್ನು ಬೇರೆ ರಸಗಳೊಂದಿಗೆ ಬೆರೆಸಬಾರದು ಎಂದು ಸಲಹೆ ನೀಡಿದೆ. ಬೆರೆಸಿದರೆ ಕಹಿ ಮರೆಯಾಗುತ್ತದೆ, ವಿಷ ಉಳಿಯುತ್ತದೆ.

ಮೂತ್ರಪಿಂಡದ ಕಾಯಿಲೆಯವರಿಗೆ ನೆಂಟರಿಷ್ಟರು ತರುವ ಎಳನೀರು ಎಲ್ಲಕ್ಕಿಂತ ಹೆಚ್ಚು ಚಿಂತೆಗೆ ಕಾರಣ. ಒಂದು ಲೋಟ ಎಳನೀರಿನಲ್ಲಿ 400ರಿಂದ 500 ಮಿಲಿಗ್ರಾಂ ಪೊಟ್ಯಾಸಿಯಂ ಇರಬಹುದು. ಅದನ್ನು ಹೊರಹಾಕಲಾರದ ದೇಹದಲ್ಲಿ ಹೃದಯದ ಬಡಿತವೇ ಏರುಪೇರಾಗುತ್ತದೆ. ದಾರೆಹುಳಿಯನ್ನಂತೂ, ಅಂದರೆ ಅಡ್ಡಕ್ಕೆ ಕೊಯ್ದರೆ ನಕ್ಷತ್ರದಂತೆ ಕಾಣುವ ಹಣ್ಣನ್ನು, ಅಂಥವರು ಯಾವ ರೂಪದಲ್ಲೂ ಸೇವಿಸಬಾರದು. ಅದರಲ್ಲಿ ಮಿದುಳಿಗೆ ಹಾನಿ ಮಾಡುವ ವಿಷಾಂಶವಿದೆ. ಒಂದು ವರ್ಷದೊಳಗಿನ ಮಗುವಿಗೆ ಹಣ್ಣಿನ ರಸವೂ ಬೇಡ, ಜೇನೂ ಬೇಡ.

ಕುದಿಸಿ ಆರಿಸಿದ ನೀರಿನಿಂದಲೇ ಐಸನ್ನು ಮನೆಯ ಫ್ರಿಜ್ಜಿನಲ್ಲಿ ಮಾಡಿಕೊಳ್ಳಿ. ತಿನ್ನಲು ಯೋಗ್ಯವಲ್ಲದ ಐಸಿಗೆ ನೀಲಿ ಬಣ್ಣ ಬೆರೆಸಬೇಕೆಂಬ ನಿಯಮವನ್ನು ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ತಂದಿದೆ. ಮಿಕ್ಸರಿನ ಜಾರನ್ನು ತೊಳೆಯುವಾಗ ಬ್ಲೇಡಿನ ಕೆಳಗಿನ ರಬ್ಬರ್ ವಾಷರನ್ನು ಬಿಚ್ಚಿ ಮೂಸಿ ನೋಡಿ. ಮಳೆಗಾಲದಲ್ಲಿ ಅಲ್ಲಿ ಕಪ್ಪು ಲೋಳೆ ಕಟ್ಟಿರುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನು ಕೊಂಡ ದಿನದಿಂದ ಬಿಚ್ಚಿಯೇ ಇರುವುದಿಲ್ಲ.

ಹಾಲು ಮೊಸರಿನ ಸ್ಮೂದಿಯನ್ನು ಬಾಟಲಿಗೆ ತುಂಬಿಕೊಂಡು ಲೋಕಲ್ ರೈಲಿನ ಗುಂಪಿನಲ್ಲಿ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದವರೆಗೆ ಹೋಗಿ ಆಫೀಸಿನಲ್ಲಿ ಕುಡಿಯುವವರಿದ್ದಾರೆ. 32 ಡಿಗ್ರಿ ದಾಟಿದ ಸೆಕೆಯಲ್ಲಿ ಅದು ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಮನೆಯಲ್ಲೇ ಕುಡಿದು ಹೊರಡಿ. ಜೊತೆಗೆ ಒಯ್ಯುವುದಕ್ಕೆ ಕೋಕಂ ನೀರು ಅಥವಾ ನಿಂಬೆ ನೀರು ಸಾಕು, ಅದೂ ಸ್ಟೀಲ್ ಬಾಟಲಿಯಲ್ಲಿ. ಈಗ ಎಲ್ಲರ ಚೀಲದಲ್ಲೂ ಕಾಣುವ ತಾಮ್ರದ ಬಾಟಲಿಗೆ ಹುಳಿ ತುಂಬಿದರೆ ತಾಮ್ರ ಕರಗಿ ಪಾನೀಯಕ್ಕೆ ಸೇರುತ್ತದೆ. ಹೊಟ್ಟೆ ತೊಳಸುವಿಕೆ, ವಾಂತಿ ಅದರಿಂದಲೇ ಬರಬಹುದು. ತಾಮ್ರದಲ್ಲಿ ಬರೀ ನೀರಿರಲಿ.