ಕುಡಿಯುವ ತುಡಿತ ತಗ್ಗಿಸಲು ಮಾತ್ರೆ ಇದೆ, ಆದರೆ ಕದ್ದು ಕೊಡುವಂಥದ್ದಲ್ಲ

"ಡಾಕ್ಟ್ರೇ, ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸೋಕೆ ಒಂದು ಮಾತ್ರೆ ಕೊಡಿ." ಕುಡಿತದ ಚಟ ಇರುವವರ ಮನೆಯವರು ಬಹಳ ಸಲ ಮೊದಲು ಕೇಳುವುದೇ ಇದನ್ನು. ಅವರ ಸಂಕಟ ಅರ್ಥವಾಗುತ್ತದೆ, ಆದರೂ ನಾನು ಕೊಡುವುದಿಲ್ಲ. ಅವರು ಕೇಳುತ್ತಿರುವುದು ಡೈಸಲ್ಫಿರಾಮ್. ಅದು ಆಸೆ ತಗ್ಗಿಸುವ ಮಾತ್ರೆಯೇ ಅಲ್ಲ. ಅದರ ಮೇಲೆ ಕುಡಿದರೆ ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತು ರಕ್ತದಲ್ಲಿ ಉಳಿದು, ಮುಖ ಕೆಂಪಾಗಿ, ಎದೆ ಡವಡವ ಹೊಡೆದು, ವಾಂತಿಯಾಗಿ, ಬಿಪಿ ಇಳಿಯುತ್ತದೆ. ಗೊತ್ತಿಲ್ಲದೆ ತಿಂದು ಕುಡಿದವರ ಜೀವಕ್ಕೇ ಅಪಾಯ.

ತುಡಿತ ತಗ್ಗಿಸುವ ಮಾತ್ರೆಗಳೇ ಬೇರೆ. ನಾನು ಹೆಚ್ಚು ಬರೆಯುವುದು ನಾಲ್ಟ್ರೆಕ್ಸೋನ್, ಸಾಮಾನ್ಯವಾಗಿ ದಿನಕ್ಕೊಂದು 50 ಮಿಲಿಗ್ರಾಂ. ಕುಡಿದಾಗ ಮೆದುಳಿನಲ್ಲಿ ಎಂಡಾರ್ಫಿನ್ ಬಿಡುಗಡೆಯಾಗುತ್ತದೆ, ಖುಷಿ ಬರುವುದರಲ್ಲಿ ಅದರ ಪಾಲೂ ಇದೆ. ಆ ಎಂಡಾರ್ಫಿನ್ ಹೋಗಿ ಕೂರಬೇಕಾದ ಜಾಗವನ್ನು ಈ ಮಾತ್ರೆ ಮೊದಲೇ ಹಿಡಿದುಕೊಳ್ಳುತ್ತದೆ. "ಎರಡು ಪೆಗ್ ಹಾಕಿದೆ ಸಾರ್, ಯಾಕೋ ಮಜಾ ಬರಲಿಲ್ಲ, ಎದ್ದು ಬಂದೆ" ಅಂತ ಒಬ್ಬರು ಹೇಳಿದರು. ಇದಕ್ಕಿಂತ ಚೆನ್ನಾಗಿ ನಾನೂ ವಿವರಿಸಲಾರೆ. ಕುಡಿತ ಪೂರ್ತಿ ನಿಂತಿರದಿದ್ದರೂ ಶುರು ಮಾಡಬಹುದು. ಆದರೆ ಟ್ರಮಡಾಲ್‌ನಂಥ, ಅಫೀಮಿನ ಗುಂಪಿಗೆ ಸೇರಿದ ನೋವಿನ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ಎರಡೂ ಒಟ್ಟಿಗೆ ಆಗುವುದಿಲ್ಲ. ಲಿವರ್ ಪರೀಕ್ಷೆಯೂ ಬೇಕು.

ಲಿವರ್ ತುಂಬಾ ಕೆಟ್ಟಿದ್ದರೆ? ಆಗ ಅಕಾಂಪ್ರೊಸೇಟ್ ಇದೆ. ಅದು ಕಿಡ್ನಿ ಮೂಲಕ ಹೊರಹೋಗುತ್ತದೆ, ಹಾಗಾಗಿ ಕಿಡ್ನಿ ಚೆನ್ನಾಗಿರಬೇಕು. ಕುಡಿತ ಬಿಟ್ಟಾದ ಮೇಲೂ ವಾರಗಟ್ಟಲೆ ಉಳಿಯುವ ಆ ಚಡಪಡಿಕೆ, ನಿದ್ದೆ ಬರದೆ ಹೊರಳಾಡುವುದು, ಸುಮ್ನೆ ಸಿಟ್ಟು ಬರುವುದು ಇವೆಯಲ್ವಾ, ಅಲ್ಲಿ ಇದು ನೆರವಾಗುತ್ತದೆ. ತೊಂದರೆ ಏನೆಂದರೆ 333 ಮಿಲಿಗ್ರಾಂನ ಮಾತ್ರೆ ಎರಡೆರಡರಂತೆ ದಿನಕ್ಕೆ ಮೂರು ಹೊತ್ತು ನುಂಗಬೇಕು. ಮಧ್ಯಾಹ್ನದ್ದು ತಪ್ಪಿಹೋಗುವುದೇ ಜಾಸ್ತಿ.

ದಿನವೂ ವಿಪರೀತ ಕುಡಿಯುವವರು ಮಾತ್ರೆ ಸಿಕ್ಕಿತು ಅಂತ ಒಂದೇ ಸಲಕ್ಕೆ ಕುಡಿತ ನಿಲ್ಲಿಸಬೇಡಿ. ಒಂದೆರಡು ದಿನದಲ್ಲೇ ಫಿಟ್ಸ್ ಬರಬಹುದು, ಅದನ್ನು ಈ ಮಾತ್ರೆಗಳು ತಡೆಯುವುದಿಲ್ಲ. ಅದಕ್ಕೆ ಬೇರೆ ಔಷಧಿ ಇದೆ, ವೈದ್ಯರ ಕಣ್ಗಾವಲಲ್ಲೇ ಆಗಬೇಕು.

ಇನ್ನು ಮನೆಯವರಿಗೆ. ಮಾತ್ರೆ ನುಂಗುತ್ತಲೇ ಒಂದು ದಿನ ಕುಡಿದು ಬಂದರೆ "ಔಷಧಿ ನಾಟಲಿಲ್ಲ" ಅಂತ ನಿಲ್ಲಿಸಿಬಿಡಬೇಡಿ. ಮೊದಲು ದಿನಾ ಕುಡಿಯುತ್ತಿದ್ದವರು ಈಗ ತಿಂಗಳಿಗೊಮ್ಮೆ ಎಡವಿದರೆ ಅದು ಗುಣವಾಗುತ್ತಿರುವುದರ ಗುರುತೇ. ಬೈಯದೆ ಕರೆದುಕೊಂಡು ಬನ್ನಿ. ಆರು ತಿಂಗಳಾದರೂ ಮುಂದುವರಿಸೋಣ, ಜೊತೆಗೆ ಕೌನ್ಸೆಲಿಂಗೂ ಇರಲಿ.