ಮಳೆಗಾಲಕ್ಕೆ ಮುಂಚೆ ಯುಪಿಎಸ್ಸನ್ನು ಲಿನಕ್ಸ್‌ಗೆ ಪರಿಚಯಿಸಿ

ಜೂನ್ ಬಂತೆಂದರೆ ಕೊಡಗಿನಲ್ಲಿ ಮರ ಲೈನಿನ ಮೇಲೆ ಬೀಳುವುದು, ಕರೆಂಟ್ ಹೋಗುವುದು ಮಾಮೂಲು. ಭಾಗಮಂಡಲ, ನಾಪೋಕ್ಲು ಕಡೆ ಒಮ್ಮೆ ಹೋದರೆ ದಿನಗಟ್ಟಲೆ ಬಾರದಿರುವುದೂ ಉಂಟು. ತೋಟದ ಕಚೇರಿಯ ಸಣ್ಣ ಯುಪಿಎಸ್ ಕೊಡುವುದು ಹೆಚ್ಚೆಂದರೆ 10-15 ನಿಮಿಷ. ಆಗ ಎದುರಿಗೆ ಯಾರೂ ಇಲ್ಲದಿದ್ದರೆ ಕಂಪ್ಯೂಟರ್ ತಟ್ಟನೆ ಆಫ್ ಆಗುತ್ತದೆ, ಬಟವಾಡೆ ಲೆಕ್ಕದ ಫೈಲು ಕೆಡುತ್ತದೆ. ಯುಪಿಎಸ್ ಹಿಂಬದಿಯ ಯುಎಸ್‌ಬಿ ಪೋರ್ಟ್ ಇರುವುದು ಇದನ್ನು ತಪ್ಪಿಸಲಿಕ್ಕೆ: ಕರೆಂಟ್ ಹೋದ ಸುದ್ದಿ ಅದರ ಮೂಲಕ ತಲುಪಿದರೆ ಕಂಪ್ಯೂಟರ್ ತಾನಾಗಿ ಕ್ರಮವಾಗಿ ಬಂದ್ ಆಗುತ್ತದೆ.

ಮೊದಲು ಕೇಬಲ್ ನೋಡಿ. ಕೆಲವು ಯುಪಿಎಸ್‌ಗಳ ಯುಎಸ್‌ಬಿ ಮೊಬೈಲ್ ಚಾರ್ಜ್ ಮಾಡಲು ಮಾತ್ರ; ಅದರಿಂದ ಡೇಟಾ ಬರುವುದೇ ಇಲ್ಲ. ಎಪಿಸಿ ಕಂಪನಿಯ ಹಲವು ಮಾದರಿಗಳಲ್ಲಿ ಲ್ಯಾನ್ ಪೋರ್ಟಿನಂತೆ ಕಾಣುವ 10 ಪಿನ್ನಿನ ಕಿಂಡಿ ಇರುತ್ತದೆ. ಅದಕ್ಕೆ ಕಂಪನಿಯ ಕೇಬಲ್ಲೇ ಬೇಕು, 8 ಪಿನ್ನಿನ ಲ್ಯಾನ್ ವೈರು ನಡೆಯದು. ಹಬ್ ಬೇಡ, ಸಿಪಿಯು ಹಿಂಬದಿಗೇ ನೇರ ಸಿಕ್ಕಿಸಿ.

ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಯುಎಸ್‌ಬಿ' (ಯುಎಸ್‌ಬಿ ಸಾಧನಗಳ ಪಟ್ಟಿ ತೋರುವ ಕಮಾಂಡ್) ಕೊಟ್ಟಾಗ ಯುಪಿಎಸ್ಸಿನ ಹೊಸ ಸಾಲು ಬಾರದಿದ್ದರೆ ಸಾಫ್ಟ್‌ವೇರ್ ಹಾಕಿ ಪ್ರಯೋಜನವಿಲ್ಲ. ದೋಷ ಕೇಬಲ್ಲಿನದು ಇಲ್ಲವೇ ಪೋರ್ಟಿನದು. ಬಂದರೆ ಆ ಸಾಲಿನ ಐಡಿ ಗುರುತು ಹಾಕಿಕೊಳ್ಳಿ, ಡ್ರೈವರ್ (ಯುಪಿಎಸ್ ಜೊತೆ ಮಾತಾಡುವ ತಂತ್ರಾಂಶ) ಆರಿಸುವುದು ಅದನ್ನು ನೋಡಿಯೇ. 051ಡಿ ಎಂದರೆ ಎಪಿಸಿ: ನಟ್ (ನೆಟ್‌ವರ್ಕ್ ಯುಪಿಎಸ್ ಟೂಲ್ಸ್) ಎಂಬ ಯುಪಿಎಸ್ ನಿಗಾ ಪ್ಯಾಕೇಜಿನ 'ಯುಎಸ್‌ಬಿಹೆಚ್‌ಐಡಿ-ಯುಪಿಎಸ್' ಡ್ರೈವರ್, ಅಥವಾ ಎಪಿಸಿಯುಪಿಎಸ್‌ಡಿ ಎಂಬ ಬೇರೆಯದೇ ತಂತ್ರಾಂಶ. ಎರಡನ್ನೂ ಒಟ್ಟಿಗೆ ಓಡಿಸಬೇಡಿ, ಒಂದೇ ಪೋರ್ಟಿಗಾಗಿ ಕಿತ್ತಾಡುತ್ತವೆ. 0665:5161 ಬಂದರೆ ಒಳಗಿರುವುದು ಅಗ್ಗದ ಯುಪಿಎಸ್‌ಗಳ ಸೈಪ್ರೆಸ್ ಚಿಪ್. ಅದಕ್ಕೆ 'ನಟ್‌ಡಿಆರ್‌ವಿ_ಕ್ಯೂಎಕ್ಸ್' ಬೇಕು. ನಟ್‌ನ ಯುಪಿಎಸ್.ಕಾನ್ಫ್ ಫೈಲಿನಲ್ಲಿ ಡ್ರೈವರ್ ಹೆಸರು, ಪೋರ್ಟ್ ಎದುರು 'ಆಟೋ' ಬರೆದರೆ ಸಾಮಾನ್ಯವಾಗಿ ಸಾಕು. ಹಿಡಿಯದಿದ್ದರೆ ಸಬ್‌ಡ್ರೈವರ್ 'ಸೈಪ್ರೆಸ್' ಎಂದು ಸೇರಿಸಿ. ಆಗ ವೆಂಡರ್ ಐಡಿ (0665), ಪ್ರಾಡಕ್ಟ್ ಐಡಿ (5161) ಎರಡನ್ನೂ ಕೊಡಲೇಬೇಕು.

ಹೆಚ್ಚಿನವರು ಸಿಕ್ಕಿಬೀಳುವುದು ಇದರ ನಂತರ. ಎಲ್ಲ ಸರಿಯಿದ್ದರೂ ಡ್ರೈವರ್ 'ಅನುಮತಿ ಸಾಲದು' ಎನ್ನುತ್ತದೆ. ಡ್ರೈವರ್ ಓಡುವುದು ಎಲ್ಲ ಅಧಿಕಾರವಿರುವ ರೂಟ್ ಹೆಸರಿನಲ್ಲಲ್ಲ, 'ನಟ್' ಎಂಬ ಬಳಕೆದಾರನ ಹೆಸರಿನಲ್ಲಿ. ಯುಎಸ್‌ಬಿ ಸಾಧನವನ್ನು ಅವನಿಗೆ ಒಪ್ಪಿಸುವುದು ಯುಡೆವ್ (ಲಿನಕ್ಸ್‌ನಲ್ಲಿ ಸಾಧನಗಳನ್ನು ನೋಡಿಕೊಳ್ಳುವ ಭಾಗ) ನಿಯಮ, ಅದೂ ಕೇಬಲ್ ಸಿಕ್ಕಿಸಿದ ಕ್ಷಣದಲ್ಲಿ. ಕೇಬಲ್ ಮೊದಲೇ ಇದ್ದು ಪ್ಯಾಕೇಜ್ ಆಮೇಲೆ ಬಂದಿದ್ದರೆ ನಿಯಮಕ್ಕೆ ಕೆಲಸವೇ ಸಿಕ್ಕಿಲ್ಲ. ಯುಡೆವ್ ನಿಯಮಗಳನ್ನು ಮರುಲೋಡ್ ಮಾಡಿ, ಕೇಬಲ್ ಕಿತ್ತು ಮತ್ತೆ ಹಾಕಿ. ಪರೀಕ್ಷೆಗೆಂದು ಡ್ರೈವರನ್ನು ರೂಟ್ ಆಗಿ ಓಡಿಸಬಹುದು, ಹಾಗೇ ಬಿಡಬಾರದು.

ನಟ್.ಕಾನ್ಫ್‌ನಲ್ಲಿ ಮೋಡ್ 'ಸ್ಟ್ಯಾಂಡ್‌ಅಲೋನ್' ಆಗಿರಲಿ. ಮೊದಲಿಗೆ ಅಲ್ಲಿರುವುದು 'ನನ್', ಹಾಗಿದ್ದರೆ ಏನೂ ಶುರುವಾಗದು. ಯುಪಿಎಸ್‌ಮಾನ್.ಕಾನ್ಫ್‌ನ ಮಾನಿಟರ್ ಸಾಲಿನ ಕೊನೆಗೆ 2.8.0 ಆವೃತ್ತಿಯಿಂದ 'ಪ್ರೈಮರಿ' ಎಂಬ ಪದ. ಹಳೆಯ ಆವೃತ್ತಿಗೆ ಅದು ಅರ್ಥವಾಗದು, 'ಮಾಸ್ಟರ್' ಎಂದೇ ಬರೆಯಬೇಕು.

ಈಗ ಪರೀಕ್ಷೆ. ಯುಪಿಎಸ್ ಪ್ಲಗ್ ಕೀಳಬೇಡಿ, ಅರ್ತಿಂಗ್ ತಪ್ಪುತ್ತದೆ. ಗೋಡೆಯ ಸ್ವಿಚ್ ಮಾತ್ರ ಆರಿಸಿ. 'ಯುಪಿಎಸ್‌ಸಿ' ಕಮಾಂಡಿನಲ್ಲಿ ಸ್ಟೇಟಸ್ 'ಓಎಲ್' (ಕರೆಂಟಿನಲ್ಲಿದೆ) ಇದ್ದದ್ದು ಕೆಲವೇ ಕ್ಷಣಗಳಲ್ಲಿ 'ಓಬಿ' (ಬ್ಯಾಟರಿಯಲ್ಲಿದೆ) ಆಗಬೇಕು.

ನಟ್ ತಾನಾಗಿ ಕಂಪ್ಯೂಟರ್ ಆರಿಸುವುದು 'ಎಲ್‌ಬಿ', ಅಂದರೆ ಬ್ಯಾಟರಿ ತೀರುತ್ತಿದೆ ಎಂಬ ಸೂಚನೆ ಬಂದಾಗ. ನಮ್ಮ ಕಡೆ ಇದನ್ನು ನಂಬಿ ಕೂರುವುದು ಸರಿಯಲ್ಲ. ಹಳತಾದ ಬ್ಯಾಟರಿ ಆ ಸೂಚನೆ ಕೊಡುವ ಮೊದಲೇ ಕುಸಿಯುತ್ತದೆ, ಹೋದ ಕರೆಂಟ್ 10 ನಿಮಿಷದಲ್ಲಿ ಬರುವುದೂ ಅಪರೂಪ. ನಟ್‌ನದೇ ಟೈಮರ್ ಸಾಧನ ಯುಪಿಎಸ್‌ಶೆಡ್ ಬಳಸಿ 180 ಸೆಕೆಂಡಿನ ಟೈಮರ್ ಇಡಿ: 3 ನಿಮಿಷದಲ್ಲಿ ಕರೆಂಟ್ ಬಂದರೆ ಟೈಮರ್ ರದ್ದು, ಇಲ್ಲವಾದರೆ ಕಂಪ್ಯೂಟರ್ ಬಂದ್. ಎಪಿಸಿಯುಪಿಎಸ್‌ಡಿಯಲ್ಲಾದರೆ 'ಟೈಮ್‌ಔಟ್' ಎದುರು 180 ಬರೆದರಾಯಿತು.

ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) ಕರೆಂಟ್ ಬಂದೊಡನೆ ತಾನಾಗಿ ಆನ್ ಆಗುವ ಸೆಟ್ಟಿಂಗ್ ಇದ್ದರೆ ಮಳೆಗಾಲ ಮುಗಿಯುವ ತನಕ ತೆಗೆದಿಡಿ. ಬರಿದಾದ ಬ್ಯಾಟರಿ ತುಂಬಲು 6-8 ಗಂಟೆ ಹಿಡಿಯುತ್ತದೆ. ಅಷ್ಟರೊಳಗೆ ಕರೆಂಟ್ ಮತ್ತೆ ಹೋದರೆ ಕಂಪ್ಯೂಟರಿಗೆ ಆ 3 ನಿಮಿಷವೂ ಸಿಗಲಿಕ್ಕಿಲ್ಲ.