ಬಟ್ಟೆಯೂ ಆರುತ್ತದೆ, ಕಾಫಿಯೂ ಆರುತ್ತದೆ

ತಂತಿಯ ಮೇಲಿನ ಬಟ್ಟೆ ಆರಿತು ಅಂದರೆ ಒಣಗಿತು. ಲೋಟದ ಕಾಫಿ ಆರಿತು ಅಂದರೆ ತಣ್ಣಗಾಯಿತು. ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು. ದಿನಾ ಆಡುವ ಈ ಮಾತನ್ನು ನಾನು ಗಮನಿಸಿದ್ದು ತೀರಾ ತಡವಾಗಿ. ಈಗ ಅದರ ಮೇಲೆ ನನಗೆ ತುಂಬ ಪ್ರೀತಿ. ಒಣಗುವುದೂ ತಣ್ಣಗಾಗುವುದೂ ನಿಜಕ್ಕೂ ಜೊತೆಜೊತೆಗೇ ನಡೆಯುತ್ತವೆ.

ನೀರಿನ ಅಣುಗಳೆಲ್ಲ ಒಂದೇ ವೇಗದಲ್ಲಿ ಓಡಾಡುವುದಿಲ್ಲ. ಕೆಲವು ನಿಧಾನ, ಕೆಲವು ಜೋರು. ಮೇಲ್ಮೈಯಲ್ಲಿರುವ ಜೋರಿನ ಅಣು ಪಕ್ಕದವುಗಳ ಹಿಡಿತ ಬಿಡಿಸಿಕೊಂಡು ಗಾಳಿಗೆ ಹಾರುತ್ತದೆ. ಜೋರಿನವು ಹೊರಟುಹೋದರೆ ಉಳಿಯುವುದು ನಿಧಾನದವು ಅಲ್ವಾ? ಅಣುಗಳ ಓಡಾಟ ನಿಧಾನವಾಯಿತು ಅಂದರೆ ತಣ್ಣಗಾಯಿತು ಅಂತಲೇ ಅರ್ಥ. ಕಾಫಿಯನ್ನು ಲೋಟದಿಂದ ಲೋಟಕ್ಕೆ ಎತ್ತರದಿಂದ ಸುರಿದಾಗ ಗಾಳಿ ತಾಕುವ ಜಾಗ ಹೆಚ್ಚುತ್ತದೆ, ಹಾರಿಹೋಗುವ ಅಣುಗಳೂ ಹೆಚ್ಚುತ್ತವೆ. ಅದಕ್ಕೇ ಬೇಗ ಆರುತ್ತದೆ.

ಹಾಗಾದರೆ ಬಿಸಿ ಏನು ಮಾಡುತ್ತದೆ? ಜೋರಿನ ಅಣುಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಅದೂ ನಾವು ಅಂದುಕೊಳ್ಳುವುದಕ್ಕಿಂತ ಬಹಳ ಜಾಸ್ತಿ. ನೀರಿನ ಆವಿಯ ಒತ್ತಡ, ಅಂದರೆ ಹಾರಿಹೋದ ಅಣುಗಳು ಆವಿಯಾಗಿ ಒತ್ತುವ ಜೋರು, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 17.5 ಮಿಲಿಮೀಟರ್ ಪಾದರಸದಷ್ಟು. 40 ಡಿಗ್ರಿಗೆ ಬಂದರೆ ಅದು 55. ಇಪ್ಪತ್ತೇ ಡಿಗ್ರಿಗೆ ಮೂರು ಪಟ್ಟು! ಶುದ್ಧ ಆಲ್ಕೋಹಾಲ್ ತೆಗೆದುಕೊಳ್ಳಿ. 20 ಡಿಗ್ರಿಯಲ್ಲಿ 44, 40 ಡಿಗ್ರಿಯಲ್ಲಿ 134. ಅಲ್ಲೂ ಮೂರು ಪಟ್ಟೇ. ಅಂದರೆ ಬಿಸಿಲು ಎರಡನ್ನೂ ಹೆಚ್ಚುಕಡಿಮೆ ಒಂದೇ ರೀತಿ ಹುರಿದುಂಬಿಸುತ್ತದೆ. ವ್ಯತ್ಯಾಸ ಇರುವುದು ಹಿಡಿತದಲ್ಲಿ. ನೀರಿನ ಅಣುಗಳು ಪುಟ್ಟವು, ಆದರೆ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಆಲ್ಕೋಹಾಲ್‌ನದು ಅದಕ್ಕಿಂತ ಸಡಿಲ ಹಿಡಿತ. ಈಥರ್ ಎಂಬ ದ್ರವದ್ದು ಇನ್ನೂ ಸಡಿಲ, 35 ಡಿಗ್ರಿಗೇ ಕುದಿಯುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಒಲೆಯೇ ಬೇಡ!

ಈ ಈಥರ್ ಇಟ್ಟುಕೊಂಡು 1758ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಅಲ್ಲಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಜಾನ್ ಹ್ಯಾಡ್ಲಿ ಒಂದು ಪ್ರಯೋಗ ಮಾಡಿದರು. ಥರ್ಮಾಮೀಟರಿನ ಬುರುಡೆಗೆ ಈಥರ್ ಸವರುವುದು, ತಿದಿಯಿಂದ ಗಾಳಿ ಊದುವುದು. ಆರಿದ ಕೂಡಲೇ ಮತ್ತೆ ಸವರುವುದು. ಕೋಣೆಯಲ್ಲಿ ಸುಮಾರು 18 ಡಿಗ್ರಿ ಇತ್ತು. ಪಾದರಸ ಇಳಿಯುತ್ತಾ ಇಳಿಯುತ್ತಾ ಮೈನಸ್ 14ಕ್ಕೆ ಹೋಯಿತು. ಬುರುಡೆಯ ಸುತ್ತ ಕಾಲು ಇಂಚಿನಷ್ಟು ಮಂಜುಗಡ್ಡೆ ಕಟ್ಟಿತು. ಐಸ್ ಇಲ್ಲ, ಯಂತ್ರ ಇಲ್ಲ. ಸುಮ್ನೆ ಒಂದು ದ್ರವ ಆರಿದ್ದು ಅಷ್ಟೇ. ಬೇಸಿಗೆಯ ದಿನದಲ್ಲೂ ಮನುಷ್ಯನನ್ನು ಹೀಗೆ ಚಳಿಯಿಂದ ಸಾಯಿಸಬಹುದೇನೋ ಎಂದು ಫ್ರಾಂಕ್ಲಿನ್ ಪತ್ರವೊಂದರಲ್ಲಿ ಬರೆದರು. ಓದಿದಾಗೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಇಂಜೆಕ್ಷನ್‌ಗೆ ಮೊದಲು ತೋಳಿಗೆ ಸ್ಪಿರಿಟ್, ಅಂದರೆ ಆಲ್ಕೋಹಾಲ್, ಸವರಿದಾಗ ಆಗುವ ತಂಪೂ ಇದೇ. ಆದರೆ ಇಲ್ಲಿ ಒಂದು ಸೋಜಿಗ ಇದೆ. ಮೈಯ ಬಿಸಿಗೆ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಒಂದು ಗ್ರಾಂ ಆಲ್ಕೋಹಾಲ್‌ಗೆ ಸಾಕಾಗುವುದು 220ರಷ್ಟು. ಲೆಕ್ಕದ ಪ್ರಕಾರ ಹೆಚ್ಚು ತಂಪು ಕೊಡುವುದು ನೀರೇ. ಸ್ಪಿರಿಟ್ ಆ ಶಾಖವನ್ನು ಕೆಲವೇ ಕ್ಷಣಗಳಲ್ಲಿ ಎಳೆದುಕೊಂಡು ಹೋಗುತ್ತದೆ, ಅದಕ್ಕೇ ಚಳಿ ಹಿಡಿದಂತಾಗುತ್ತದೆ. ನೀರು ನಿಧಾನ, ಆದರೆ ಬಹಳ ಹೊತ್ತು ಕೆಲಸ ಮಾಡುತ್ತದೆ. ಮಣ್ಣಿನ ಮಡಕೆ ಮಧ್ಯಾಹ್ನವಿಡೀ ತಣ್ಣಗಿರುವುದು ಈ ನಿಧಾನದಿಂದಲೇ. ಮಂಗಳೂರಿನಂಥ ಕಡೆ ಗಾಳಿಯಲ್ಲೇ ನೀರಿನ ಆವಿ ತುಂಬಿರುತ್ತದೆ. ಹೆಚ್ಚುಕಡಿಮೆ ಹಾರಿಹೋದಷ್ಟೇ ಅಣುಗಳು ವಾಪಸ್ ಬರುತ್ತಿರುತ್ತವೆ. ಅಲ್ಲಿ ಮಡಕೆಗೂ ಕಷ್ಟ, ಬೆವರಿಗೂ ಕಷ್ಟ.

ಇನ್ನು ಕೊಬ್ಬರಿ ಎಣ್ಣೆ. ಅಂಗೈಗೆ ಹಚ್ಚಿಕೊಂಡು ಇಡೀ ದಿನ ಬಿಸಿಲಲ್ಲಿ ನಿಂತರೂ ಅದು ಆರುವುದಿಲ್ಲ. ಅದರ ಅಣು ನೀರಿನ ಅಣುವಿಗಿಂತ ಸುಮಾರು 35 ಪಟ್ಟು ಭಾರ. ಉದ್ದುದ್ದ ಕೈಗಳಿಂದ ಒಂದಕ್ಕೊಂದು ತಬ್ಬಿಕೊಂಡಿರುತ್ತವೆ. ಎಷ್ಟು ಕಾಯಿಸಿದರೂ ಕುದಿಯುವ ಮೊದಲೇ ಮುರಿದು ಹೊಗೆಯಾಗುತ್ತವೆ.

ಬಾಣಲೆಯಲ್ಲಿ ವಡೆ ಬಿಟ್ಟಾಗ ಎಣ್ಣೆ ಕುದಿಯುತ್ತಿದೆ ಅನ್ನುತ್ತೇವಲ್ಲ, ಅದು ಎಣ್ಣೆ ಅಲ್ಲ. ಎಣ್ಣೆ 180 ಡಿಗ್ರಿಯ ಹತ್ತಿರ ಇದ್ದರೂ ಸುಮ್ಮನೇ ಇರುತ್ತದೆ. ಹಿಟ್ಟಿನೊಳಗಿನ ನೀರಿಗೆ 100 ಡಿಗ್ರಿಯೇ ಸಾಕು, ಅದು ಹಬೆಯಾಗಿ ಗುಳುಗುಳು ಹೊರಬರುತ್ತದೆ. ಆ ಸದ್ದು ತಗ್ಗಿ ಗುಳ್ಳೆ ಕಮ್ಮಿಯಾದಾಗ ಅಮ್ಮ ಜಾಲರಿ ಸೌಟು ಹಿಡಿದು ವಡೆ ತೆಗೆಯುತ್ತಾರೆ. ಹೊರಗಿನ ಪದರದ ನೀರು ಅಷ್ಟು ಹೊತ್ತಿಗೆ ಹೋಗಿರುತ್ತದೆ.